ಓದುಗರ ಪ್ರಶ್ನೆ, ರಿಪೇರಿ ಉತ್ತರ: ಹಳೆಯ ಆರ್ಕೇಡ್ ಮಾನಿಟರ್

ಪ್ರಶ್ನೆ: ಆರ್ಕೇಡ್ ಗೇಮ್ ಪೆಟ್ಟಿಗೆಯ 19 ಇಂಚಿನ ಮಾನಿಟರಿನಲ್ಲಿ ಚಿತ್ರ ಬರುತ್ತಿಲ್ಲ. ನಟ್ಟನಡುವೆ ಅಡ್ಡಕ್ಕೆ ಒಂದೇ ಒಂದು ಬಿಳಿ ಗೆರೆ. ಆಟದ ಸದ್ದು ಸರಿಯಾಗಿದೆ. ಪಿಕ್ಚರ್ ಟ್ಯೂಬ್ ಹೋಯಿತೇ?

ಉತ್ತರ: ಟ್ಯೂಬ್ ಹೋಗಿಲ್ಲ. ಆದರೆ ಮೊದಲು ಬ್ರೈಟ್‌ನೆಸ್ ಇಳಿಸಿ. ಇಡೀ ಪರದೆಗೆ ಹರಡಬೇಕಾದ ಎಲೆಕ್ಟ್ರಾನ್ ಕಿರಣ ಒಂದೇ ಗೆರೆಯ ಮೇಲೆ ಬೀಳುತ್ತಿದ್ದರೆ ಅಲ್ಲಿನ ಫಾಸ್ಫರ್ ಸುಟ್ಟು ಕಲೆ ಶಾಶ್ವತವಾಗಿ ಉಳಿಯುತ್ತದೆ. ಗೆರೆ ಬೆಳಗುತ್ತಿದೆ ಎಂದರೆ ಪವರ್ ಸಪ್ಲೈ, ಕಿರಣವನ್ನು ಅಡ್ಡಕ್ಕೆ ಎಳೆಯುವ ಹಾರಿಜಾಂಟಲ್ ವಿಭಾಗ, ಹೆಚ್ಚು ವೋಲ್ಟೇಜ್ ಹುಟ್ಟಿಸುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್, ಟ್ಯೂಬಿನ ಹೀಟರ್ ಎಲ್ಲವೂ ಕೆಲಸ ಮಾಡುತ್ತಿವೆ. ಕಿರಣವನ್ನು ಮೇಲಕ್ಕೂ ಕೆಳಕ್ಕೂ ಎಳೆಯುವ ವರ್ಟಿಕಲ್ ವಿಭಾಗ ಮಾತ್ರ ನಿಂತಿದೆ.

ಕರೆಂಟ್ ತೆಗೆದು, ಟ್ಯೂಬನ್ನು ಡಿಸ್ಚಾರ್ಜ್ ಮಾಡಿ (ವಿಧಾನ ಮುಂದಿನ ಉತ್ತರದಲ್ಲಿದೆ), ಚಾಸಿಸ್ ಬೋರ್ಡನ್ನು ಮಗುಚಿ. ಯೋಕ್ (ಟ್ಯೂಬಿನ ಕತ್ತಿನ ಮೇಲೆ ಕೂತು ಕಿರಣವನ್ನು ತಿರುಗಿಸುವ ಸುರುಳಿಗಳು) ಪ್ಲಗ್ಗಿನ ಪಿನ್ನುಗಳು, ವರ್ಟಿಕಲ್ ಔಟ್‌ಪುಟ್ ಐಸಿ ಅಥವಾ ಟ್ರಾನ್ಸಿಸ್ಟರುಗಳ ಕಾಲುಗಳು, ಇವನ್ನು ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಕಾಲಿನ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ ಕಂಡರೆ ಅದೇ ಡ್ರೈ ಸೋಲ್ಡರ್. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ ಬೆಸುಗೆ ಬಿರುಕು ಬಿಟ್ಟಿರುತ್ತದೆ. ಮೇಲಿಂದ ಐರನ್ ತಾಗಿಸಿದರೆ ಸಾಲದು. ಹಳೆಯ ಸೋಲ್ಡರನ್ನು ಹೀರಿ ತೆಗೆದು 60/40 (ತವರ-ಸೀಸ) ಸೋಲ್ಡರಿನಿಂದ ಹೊಸದಾಗಿ ಬೆಸೆಯಿರಿ.

ಬೆಸುಗೆ ಚೆನ್ನಾಗಿದ್ದರೆ ವರ್ಟಿಕಲ್ ಭಾಗಕ್ಕೆ ವೋಲ್ಟೇಜ್ ಕೊಡುವ ಫ್ಯೂಸಿಬಲ್ ರೆಸಿಸ್ಟರ್ ಅಳೆಯಿರಿ. ಅದು ಓಪನ್ ಆಗಿದ್ದರೆ ಅದೊಂದನ್ನೇ ಬದಲಿಸಿ ಸ್ವಿಚ್ ಹಾಕಬೇಡಿ. ಔಟ್‌ಪುಟ್ ಐಸಿ ಶಾರ್ಟ್ ಆಗಿ ಅದನ್ನು ಸುಟ್ಟಿರುವುದೇ ಹೆಚ್ಚು. ಯೋಕಿನ ವರ್ಟಿಕಲ್ ಸುರುಳಿಯನ್ನೂ ಪ್ಲಗ್ ಕಳಚಿ ಅಳೆಯಿರಿ. ಕೆಲವು ಓಮ್‌ನಿಂದ ಹತ್ತಾರು ಓಮ್ ತೋರಬೇಕು.

ಪ್ರಶ್ನೆ: ವಾರದಿಂದ ಆಫ್ ಇರುವ ಮಾನಿಟರನ್ನೂ ಡಿಸ್ಚಾರ್ಜ್ ಮಾಡಬೇಕೇ?

ಉತ್ತರ: ಮಾಡಲೇಬೇಕು. ಟ್ಯೂಬಿನ ಗಾಜಿನ ಒಳಗೊಂದು, ಹೊರಗೊಂದು ಗ್ರಾಫೈಟ್ ಲೇಪನ ಇರುತ್ತದೆ. ನಡುವೆ ಗಾಜು. ಹೀಗಾಗಿ ಟ್ಯೂಬೇ ಒಂದು ಕೆಪಾಸಿಟರ್. ಬಣ್ಣದ ಟ್ಯೂಬಿನಲ್ಲಿ ಅದಕ್ಕೆ 20,000 ವೋಲ್ಟಿಗೂ ಹೆಚ್ಚು ಚಾರ್ಜ್ ಆಗಿರುತ್ತದೆ.

ಪ್ಲಗ್ ಕಿತ್ತ ಮೇಲೆ, ದಪ್ಪ ಪ್ಲಾಸ್ಟಿಕ್ ಹಿಡಿಯ ಉದ್ದನೆಯ ಚಪ್ಪಟೆ ಸ್ಕ್ರೂಡ್ರೈವರಿನ ಕಬ್ಬಿಣಕ್ಕೆ ಕ್ರೊಕೊಡೈಲ್ ಕ್ಲಿಪ್ಪಿನ ವೈರ್ ಸಿಕ್ಕಿಸಿ. ವೈರಿನ ಇನ್ನೊಂದು ತುದಿ ಟ್ಯೂಬಿನ ಹಿಂಬದಿಗೆ ಅಂಟಿಕೊಂಡು ಹಾದುಹೋಗುವ ಹೆಣೆದ ಬರಿಯ ತಂತಿಗೆ. ಬೋರ್ಡಿನ ಗ್ರೌಂಡಿಗೆ ಕೊಟ್ಟರೆ ಐಸಿಗಳು ಸಾಯಬಹುದು. ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಸ್ಕ್ರೂಡ್ರೈವರಿನ ತುದಿಯನ್ನು, ಫ್ಲೈಬ್ಯಾಕಿನ ದಪ್ಪ ವೈರ್ ಟ್ಯೂಬಿಗೆ ಸೇರುವಲ್ಲಿನ ರಬ್ಬರ್ ಕಪ್ಪಿನ (ಆನೋಡ್) ಅಡಿಗೆ ಜಾರಿಸಿ, ಒಳಗಿನ ಲೋಹದ ಕ್ಲಿಪ್ಪಿಗೆ ತಾಗಿಸಿ. ‘ಪಟ್’ ಎಂಬ ಸದ್ದು ಬರಬಹುದು, ಬಾರದೆಯೂ ಇರಬಹುದು. ಹತ್ತು ನಿಮಿಷ ಬಿಟ್ಟು ಮತ್ತೆ ತಾಗಿಸಿ. ಗಾಜಿನಲ್ಲಿ ಉಳಿದ ಚಾರ್ಜ್ ಮೆಲ್ಲಗೆ ಮರಳಿ ಕೂಡಿಕೊಳ್ಳುತ್ತದೆ, ಎರಡನೇ ಸಲ ತಾಗಿಸುವುದು ಅದಕ್ಕೇ. ಪವರ್ ಸಪ್ಲೈನ ದೊಡ್ಡ ಫಿಲ್ಟರ್ ಕೆಪಾಸಿಟರನ್ನೂ ಮೀಟರಿನಲ್ಲಿ ಅಳೆದು ನೋಡಿ. ಟ್ಯೂಬಿನ ಕತ್ತಿನ ಗಾಜು ತೀರಾ ತೆಳು. ಕತ್ತಿನ ತುದಿಗೆ ಸಿಕ್ಕಿಸಿರುವ ಚಿಕ್ಕ ಬೋರ್ಡನ್ನು (ಬೇಸ್ ಕಾರ್ಡ್) ಅಲುಗಾಡಿಸದೆ ನೇರ ಹಿಂದಕ್ಕೆ ಎಳೆಯಿರಿ.

ಪ್ರಶ್ನೆ: ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತದೆ. ಎರಡು ಬದಲಿಸಿದ್ದಾಯಿತು.

ಉತ್ತರ: ಮೂರನೆಯದನ್ನು ಹಾಕಬೇಡಿ. ಮೊದಲು ಡಿಗಾಸ್ ಸುರುಳಿಯ (ಟ್ಯೂಬಿಗೆ ಅಂಟಿದ ಅಯಸ್ಕಾಂತತೆ ತೆಗೆಯುವ ಸುರುಳಿ) ಪ್ಲಗ್ ಕಳಚಿ. ಅದರ ಪಾಸಿಸ್ಟರ್ (ಬಿಸಿಯಾದಂತೆ ಓಮ್ ಏರುವ ರೆಸಿಸ್ಟರ್) ಶಾರ್ಟ್ ಆದರೂ ಫ್ಯೂಸ್ ಹೀಗೆಯೇ ಹಾರುತ್ತದೆ. ನಂತರ ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್. ಎಲೆಕ್ಟ್ರೋಹೋಮ್ ಕಂಪನಿಯ ಜಿ07 ಮಾನಿಟರ್ ಚಾಸಿಸ್ಸಿನಲ್ಲಿ ಅದು 2ಎಸ್‌ಡಿ870. ಕಲೆಕ್ಟರ್, ಎಮಿಟರ್ ನಡುವೆ ಎರಡೂ ದಿಕ್ಕಿನಲ್ಲಿ ಸೊನ್ನೆಯ ಹತ್ತಿರ ತೋರಿಸಿದರೆ ಕಳಚಿ ಮತ್ತೊಮ್ಮೆ ಅಳೆಯಿರಿ, ಆಗಲೂ ಹಾಗೇ ಇದ್ದರೆ ಅದು ಹೋಗಿದೆ. ಬೇಸ್, ಎಮಿಟರ್ ನಡುವೆ ಕಡಿಮೆ ಓಮ್ ಬಂದರೆ ಗಾಬರಿ ಬೇಡ, ಒಳಗೇ ಒಂದು ರೆಸಿಸ್ಟರ್ ಇದೆ. ಇದನ್ನು ತಿಳಿಯದೆ ಒಳ್ಳೆಯ ಟ್ರಾನ್ಸಿಸ್ಟರುಗಳನ್ನೇ ಎಸೆಯುವವರು ಬಹಳ.

ಹೊಸದನ್ನು ಕೂರಿಸುವಾಗ ಮೈಕಾ ಹಾಳೆ ಮರೆಯಬೇಡಿ. ಟ್ರಾನ್ಸಿಸ್ಟರಿನ ಲೋಹದ ಮೈಯೇ ಕಲೆಕ್ಟರ್, ಅದು ಹೀಟ್‌ಸಿಂಕಿಗೆ ತಾಗಬಾರದು. ಮೊದಲ ಸಲ ಸ್ವಿಚ್ ಹಾಕುವಾಗ 100 ವ್ಯಾಟ್ ಬಲ್ಬನ್ನು ಸೀರೀಸಿನಲ್ಲಿ ಕೊಡಿ, ಡಿಗಾಸ್ ಪ್ಲಗ್ ಕಳಚಿಯೇ ಇರಲಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಇನ್ನೂ ಶಾರ್ಟ್ ಇದೆ. ಜಿ07ನಂಥ ಚಾಸಿಸ್ಸಿಗೆ ಮೈನ್ಸ್ ಕರೆಂಟಿನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದಿಲ್ಲದೆ ಗೇಮ್ ಬೋರ್ಡಿಗೆ ಜೋಡಿಸಿದರೆ ಎರಡೂ ಸುಡಬಹುದು.

ಪ್ರಶ್ನೆ: ಕೆಂಪು ಬಣ್ಣ ಬರುತ್ತಿಲ್ಲ.

ಉತ್ತರ: ಆಫ್ ಮಾಡಿ, ಮಾನಿಟರಿಗೆ ಬರುವ ಕೆಂಪು, ಹಸಿರು ವೈರುಗಳನ್ನು ಅದಲುಬದಲು ಮಾಡಿ. ಈಗ ಹಸಿರು ಮಾಯವಾದರೆ ದೋಷ ಗೇಮ್ ಬೋರ್ಡ್ ಅಥವಾ ವೈರಿನದು. ಆಗಲೂ ಕೆಂಪೇ ಇಲ್ಲವಾದರೆ ಮಾನಿಟರಿನದು. ಬೇಸ್ ಕಾರ್ಡಿನ ಕೆಂಪು ಟ್ರಾನ್ಸಿಸ್ಟರನ್ನೂ ಟ್ಯೂಬ್ ಸಾಕೆಟ್ಟಿನ ಬೆಸುಗೆಯನ್ನೂ ನೋಡಿ.

ಪ್ರಶ್ನೆ: ಚಿತ್ರದ ಮೇಲ್ಭಾಗ ಮಡಚಿಕೊಂಡಿದೆ, ಅಂಚುಗಳು ಅಲೆಯಂತೆ ಬಳುಕುತ್ತವೆ. ಎಲ್ಲ ಕೆಪಾಸಿಟರ್ ಬದಲಿಸಲೇ?

ಉತ್ತರ: ಎಲೆಕ್ಟ್ರೊಲಿಟಿಕ್‌ಗಳನ್ನು ಎಲ್ಲವನ್ನೂ ಬದಲಿಸಿ. ಬಿಸಿಗೆ ಒಣಗುವುದು ಅವೇ. ವರ್ಟಿಕಲ್ ಭಾಗದವು ಒಣಗಿದರೆ ಚಿತ್ರ ಮಡಚುತ್ತದೆ, ದೊಡ್ಡ ಫಿಲ್ಟರ್ ಒಣಗಿದರೆ ಬಳುಕುತ್ತದೆ. ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಒಂದು ಮೆಟ್ಟಿಲು ಹೆಚ್ಚು, 105 ಡಿಗ್ರಿಯವು. ಒಂದನ್ನು ತೆಗೆದು ಒಂದನ್ನು ಹಾಕಿ. ಕೀಳುವ ಮೊದಲು ಮೈನಸ್ ಪಟ್ಟಿ ಯಾವ ಕಡೆಗಿತ್ತೆಂದು ಗುರುತು ಮಾಡಿಕೊಳ್ಳಿ. ನಾನ್‌ಪೋಲಾರ್ (ಪ್ಲಸ್, ಮೈನಸ್ ಗುರುತಿಲ್ಲದ್ದು) ಇದ್ದಲ್ಲಿ ನಾನ್‌ಪೋಲಾರೇ ಬೇಕು.

ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರಿನ ಕಲೆಕ್ಟರ್ ಬಳಿ ಹೆಚ್ಚು ವೋಲ್ಟಿನ ಒಂದು ಫಿಲ್ಮ್ ಕೆಪಾಸಿಟರ್ ಇರುತ್ತದೆ. ಅದರ ಮೈಕ್ರೊಫ್ಯಾರಡ್ ಮೌಲ್ಯವನ್ನು ಮಾತ್ರ ಎಂದೂ ಬದಲಿಸಬೇಡಿ. ಕಡಿಮೆ ಮೌಲ್ಯದ್ದನ್ನು ಹಾಕಿದರೆ ಆನೋಡ್ ವೋಲ್ಟೇಜ್ ಮಿತಿ ಮೀರುತ್ತದೆ.

ಕೆಲಸ ಮುಗಿದ ಮೇಲೆ ಗೇಮ್ ಬೋರ್ಡ್ ಜೋಡಿಸಿ, ಚಿತ್ರ ಬಂದಿರುವಾಗಲೇ ಬಿ ಪ್ಲಸ್ (ಪವರ್ ಸಪ್ಲೈ ಕೊಡುವ ಮುಖ್ಯ ಡಿಸಿ ವೋಲ್ಟೇಜ್) ಹೊಂದಿಸಿ. ಜಿ07ಗೆ ಅದು 120 ವೋಲ್ಟ್.