ಹೆಬ್ಬೆಟ್ಟಿನ ಮಷಿನ್ ಯಾಕೆ ಮಲಗುತ್ತೆ?

ಪ್ರಶ್ನೆ: ಸರ್, ನಮಸ್ಕಾರ. ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ. ಹೆಬ್ಬೆಟ್ಟು ಒತ್ತಿಸಿಕೊಂಡು ಪಿಂಚಣಿ ಹಣವನ್ನೂ ತೆಗೆದುಕೊಡುತ್ತೇನೆ. ಬೆಳಿಗ್ಗೆ ಜನ ಸಾಲಾಗಿ ಬರುವಾಗ ಮಷಿನ್‌ಗೆ ಏನೂ ತೊಂದರೆ ಇಲ್ಲ. ಮಧ್ಯಾಹ್ನ ಸ್ವಲ್ಪ ಹೊತ್ತು ಯಾರೂ ಬರಲಿಲ್ಲವೋ, ಆಮೇಲೆ ಕಂಪ್ಯೂಟರಿಗೆ ಅದು ಕಾಣುವುದೇ ಇಲ್ಲ. ವೈರ್ ಕಿತ್ತು ಮತ್ತೆ ಚುಚ್ಚಿದರೆ ಸರಿ. ಮೊನ್ನೆ ಒಬ್ಬ ಅಜ್ಜಿ ನಾಲ್ಕು ಸಲ ಒತ್ತಿ, ‘ಯಪ್ಪಾ, ನನ್ನ ಬೆರಳ ಸವದಾವೇನೋ’ ಅಂತ ಬೇಜಾರು ಮಾಡಿಕೊಂಡರು. ಮಷಿನ್ ಕೊಟ್ಟವರು ಹೊಸದು ತಗೊಳ್ಳಿ ಅನ್ನುತ್ತಿದ್ದಾರೆ. ವಿಂಡೋಸ್ 11 ಇದೆ.
- ಓದುಗರು, ಗದಗ-ಬೆಟಗೇರಿ

ಉತ್ತರ: ಈಗಲೇ ಹೊಸದು ತಗೋಬೇಡಿ. ಅಜ್ಜಿಗೂ ಹೇಳಿ, ತಪ್ಪು ಬೆರಳಿನದಲ್ಲ. ಸುಮ್ನೆ ಬಿಟ್ಟಾಗ ಮಾತ್ರ ಕೈಕೊಟ್ಟು, ಕಿತ್ತು ಚುಚ್ಚಿದರೆ ಸರಿಹೋಗುತ್ತೆ ಅಂದರೆ ಅದು ಬಹುಶಃ ಕೆಟ್ಟಿಲ್ಲ, ಮಲಗಿದೆ. ಮಲಗಿಸಿದ್ದು ವಿಂಡೋಸ್.

ಮಧ್ಯಾಹ್ನ ಗಿರಾಕಿ ಇಲ್ಲ ಅಂತ ಅಂಗಡಿಯವರು ಅರ್ಧ ಶಟರ್ ಇಳಿಸಿ ಒಂದು ನಿದ್ದೆ ತೆಗೆಯುತ್ತಾರಲ್ಲ, ಹಾಗೆ. ನಿಮ್ಮ ಮಷಿನ್‌ನ ವೈರ್ ಚುಚ್ಚುವ ಕಿಂಡಿ ಇದೆಯಲ್ಲ, ಆ ಯುಎಸ್‌ಬಿ 2.0 ಪೋರ್ಟು 500 ಮಿಲಿಆಂಪ್‌ವರೆಗೆ ಕರೆಂಟ್ ಕೊಡಬಲ್ಲದು. ಮಲಗಿದ ಸಾಧನ 2.5 ಮಿಲಿಆಂಪ್‌ಗಿಂತ ಜಾಸ್ತಿ ಎಳೆಯಬಾರದು ಅಂತ ನಿಯಮ. ಬ್ಯಾಟರಿ ಮೇಲೆ ಓಡುವ ಲ್ಯಾಪ್‌ಟಾಪಿಗೆ ಈ ಉಳಿತಾಯ ಒಳ್ಳೆಯದೇ. ತಾಪತ್ರಯ ಏನೆಂದರೆ, ಬಾಗಿಲು ಬಡಿದಾಗ ಕೆಲವರು ತಟ್ಟನೆ ಏಳುತ್ತಾರೆ, ಕೆಲವರು ಏಳುವುದೇ ಇಲ್ಲ. ಡ್ರೈವರ್, ಅಂದರೆ ಮಷಿನ್ ಮತ್ತು ವಿಂಡೋಸ್ ನಡುವೆ ಮಾತಾಡಿಸುವ ತಂತ್ರಾಂಶ, ಸರಿಯಾಗಿ ಬರೆಯದ ಮಷಿನ್‌ಗಳು ಎರಡನೇ ಜಾತಿ.

ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗಡೆ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಕೊನೆಯಲ್ಲಿ ‘ಯುನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್’ ಇರುತ್ತದೆ. ಅದರೊಳಗೆ ‘ಯುಎಸ್‌ಬಿ ರೂಟ್ ಹಬ್’ ಮೇಲೆ ಎರಡು ಸಲ ಒತ್ತಿ, ‘ಪವರ್ ಮ್ಯಾನೇಜ್‌ಮೆಂಟ್’ ಅನ್ನುವ ಪುಟಕ್ಕೆ ಹೋಗಿ. ಕರೆಂಟ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಅನ್ನುವ ಸಾಲಿನ ಮುಂದೆ ಟಿಕ್ ಇರುತ್ತದೆ. ತೆಗೆಯಿರಿ. ಹಬ್ ಒಂದಕ್ಕಿಂತ ಜಾಸ್ತಿ ಇದ್ದರೆ ಎಲ್ಲದಕ್ಕೂ ಮಾಡಿ. ಹೆಬ್ಬೆಟ್ಟಿನ ಮಷಿನ್‌ನ ಹೆಸರಿನಡಿಯೂ ಆ ಪುಟ ಇದೆಯಾ ನೋಡಿ, ಇದ್ದರೆ ಅಲ್ಲೂ ತೆಗೆಯಿರಿ.

ಆಮೇಲೆ ಹದಿನೈದು ನಿಮಿಷ ಮುಟ್ಟದೆ ಬಿಟ್ಟು, ನಿಮ್ಮದೇ ಬೆರಳು ಒತ್ತಿ ನೋಡಿ. ಇನ್ನೂ ಮಲಗಿದರೆ ಕಂಟ್ರೋಲ್ ಪ್ಯಾನೆಲ್‌ನ ‘ಪವರ್ ಆಪ್ಷನ್ಸ್’ನಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು, ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಅನ್ನು ಡಿಸೇಬಲ್ ಮಾಡಿ. ಇಷ್ಟಾದರೂ ಆಗಲಿಲ್ಲವಾ? ಮಷಿನ್ ಅನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲೂ ಅದೇ ಗೋಳಾದರೆ ಮಾತ್ರ ದುಡ್ಡಿನ ಮಾತು.

ಪ್ರಶ್ನೆ: ಉಬುಂಟು ಲ್ಯಾಪ್‌ಟಾಪಿನ ಬ್ಯಾಟರಿ ಬೇಗ ಖಾಲಿಯಾಗುತ್ತಿತ್ತು. ಗೆಳೆಯ ಹೇಳಿದನೆಂದು ಬ್ಯಾಟರಿ ಉಳಿಸುವ ಪವರ್‌ಟಾಪ್ ತಂತ್ರಾಂಶ ಹಾಕಿ ‘ಆಟೋ ಟ್ಯೂನ್’ ಕೊಟ್ಟೆ. ಈಗ ಎರಡು ಸೆಕೆಂಡ್ ಕೈ ಬಿಟ್ಟರೆ ಸಾಕು, ಮೌಸ್ ಸತ್ತಂತೆ ಬೀಳುತ್ತದೆ. ಕ್ಲಿಕ್ ಮಾಡಿದರೆ ಮಾತ್ರ ಏಳುತ್ತದೆ.
- ವಿದ್ಯಾರ್ಥಿನಿ, ಹಾವೇರಿ

ಉತ್ತರ: ಎರಡು ಸೆಕೆಂಡ್ ಅಂತ ಸರಿಯಾಗಿ ಎಣಿಸಿದ್ದೀರಿ, ತಂಗಿ. ಯುಎಸ್‌ಬಿ ಸಾಧನ ಮಲಗಿಸಲು ಉಬುಂಟುವಿನ ತಿರುಳಾದ ಲಿನಕ್ಸ್ ಕರ್ನೆಲ್ ಮೊದಲೇ ಇಟ್ಟುಕೊಂಡಿರುವ ಗಡುವೇ ಅದು. ಆದರೆ ಮೌಸ್, ಕೀಬೋರ್ಡ್‌ಗಳನ್ನು ಅದು ತಾನಾಗಿ ಮಲಗಿಸಲು ಹೋಗುವುದಿಲ್ಲ. ಎಲ್ಲವನ್ನೂ ಮಲಗಿಸು ಅಂತ ಹೇಳಿದ್ದು ನಿಮ್ಮ ಆಟೋ ಟ್ಯೂನ್. ಧಾರವಾಡದ ನನ್ನ ಕೋಣೆಯಲ್ಲಿ ನಾನೂ ಹಾಗೇ ಮಾಡಿಕೊಂಡಿದ್ದೆ. ಒಂದು ಗುಟುಕು ಚಹಾ ಕುಡಿದು ಕೀಬೋರ್ಡಿನಲ್ಲಿ ‘ಗದಗ’ ಅಂತ ಹೊಡೆದರೆ ‘ದಗ’ ಅಂತ ಬೀಳುತ್ತಿತ್ತು. ಮೊದಲ ಅಕ್ಷರ ಅದನ್ನು ಎಬ್ಬಿಸುವುದಕ್ಕೇ ಖರ್ಚಾಗುತ್ತಿತ್ತು!

ಪವರ್‌ಟಾಪ್ ಅನ್ನು ಟರ್ಮಿನಲ್‌ನಲ್ಲಿ ಸುಡೋ (ಅಡ್ಮಿನ್ ಅಧಿಕಾರ ಕೊಡುವ ಆಜ್ಞೆ) ಕೊಟ್ಟು ತೆರೆದು, ‘ಟ್ಯೂನೆಬಲ್ಸ್’ ಪುಟದಲ್ಲಿ ಮೌಸ್‌ನ ಸಾಲಿಗೆ ಹೋಗಿ ಎಂಟರ್ ಒತ್ತಿ. ‘ಗುಡ್’ ಇದ್ದದ್ದು ‘ಬ್ಯಾಡ್’ ಆಗುತ್ತದೆ. ಹೆದರಬೇಡಿ, ಬ್ಯಾಡ್ ಅಂದರೆ ಕರೆಂಟ್ ಉಳಿಸಲು ಮಲಗಿಸುತ್ತಿಲ್ಲ ಅಂತ ಅಷ್ಟೇ, ನಮಗೆ ಬೇಕಾದ್ದೇ ಅದು. ಉಳಿದ ಸಾಲುಗಳನ್ನು ಮುಟ್ಟಬೇಡಿ, ಬ್ಯಾಟರಿ ಉಳಿಸುವುದು ಅವೇ. ಇದು ರೀಸ್ಟಾರ್ಟ್ ಆಗುವವರೆಗೆ ಮಾತ್ರ ನಿಲ್ಲುತ್ತದೆ. ಪ್ರತಿ ಸಲ ಎಂಟರ್ ಒತ್ತುವುದು ಬೇಜಾರು ಅಲ್ವಾ? ಹಾಗಾದರೆ ಆಟೋ ಟ್ಯೂನ್ ಬಿಟ್ಟು ಟಿಎಲ್‌ಪಿ ಅನ್ನುವ ಬ್ಯಾಟರಿ ಉಳಿಸುವ ತಂತ್ರಾಂಶ ಹಾಕಿಕೊಳ್ಳಿ. ಅದು ಮೌಸ್, ಕೀಬೋರ್ಡ್‌ಗಳ ತಂಟೆಗೆ ಹೋಗುವುದಿಲ್ಲ.