ರೀಡೆವಲಪ್‌ಮೆಂಟ್ ಬರುತ್ತೆ ಅಂತ ಮುಂಬೈಯಲ್ಲಿ ಹಳೇ ಫ್ಲ್ಯಾಟ್ ಕೊಳ್ಳಬಹುದಾ?

ಹೌಸಿಂಗ್ ಸೊಸೈಟಿಗಳ (ಫ್ಲ್ಯಾಟ್ ಮಾಲೀಕರ ಸಹಕಾರ ಸಂಘಗಳ) ಲೆಕ್ಕ ಆಡಿಟ್ ಮಾಡುವ ನಮ್ಮ ತಜ್ಞರ ಉತ್ತರ

ಪ್ರಶ್ನೆ: ಮುಲುಂಡ್‌ನಲ್ಲಿ 35 ವರ್ಷ ಹಳೆಯ ಸೊಸೈಟಿ ಬಿಲ್ಡಿಂಗ್. ಒಂದು ಬಿಎಚ್‌ಕೆ, ರೇಟು ಜಾಸ್ತಿ. ಆದರೆ ಎರಡು ವರ್ಷದಲ್ಲಿ ರೀಡೆವಲಪ್‌ಮೆಂಟ್ ಆಗಿ, ಅಂದರೆ ಹಳೇ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟಿ, ದೊಡ್ಡ ಮನೆ ಪುಕ್ಕಟೆ ಸಿಗುತ್ತೆ ಅಂತ ಬ್ರೋಕರ್ ಹೇಳುತ್ತಾರೆ. ಮೆಂಟೆನೆನ್ಸೂ ಕಡಿಮೆ. ತಗೊಳ್ಳಲಾ?

ಉತ್ತರ: ಈ ‘ಎರಡು ವರ್ಷ’ ಕೇಳಿ ಕೇಳಿ ಸಾಕಾಗಿದೆ. ಬ್ರೋಕರ್‌ಗೆ ಕಮಿಷನ್ ನೀವು ಕೊಂಡ ಕೂಡಲೇ ಸಿಗುತ್ತೆ. ಕಾಯುತ್ತಾ ಕೂರುವವರು ನೀವು.

ಜಾಗ ಯಾರ ಹೆಸರಲ್ಲಿದೆ ಅಂತ ಕೇಳಿದ್ರಾ? ಸೊಸೈಟಿ ರಿಜಿಸ್ಟರ್ ಆದ ಮಾತ್ರಕ್ಕೆ ಜಾಗ ಅದರದ್ದಾಗಲ್ಲ. ಬಿಲ್ಡರ್ ಕನ್ವೇಯನ್ಸ್ ಮಾಡಿಕೊಡಬೇಕು, ಅಂದರೆ ಜಾಗವನ್ನು ಸೊಸೈಟಿ ಹೆಸರಿಗೆ ಬರೆದುಕೊಡಬೇಕು, ಅಂತ 1963ರ ಮೋಫಾ (ಮಹಾರಾಷ್ಟ್ರದ ಫ್ಲ್ಯಾಟ್ ಮಾಲೀಕತ್ವ) ಕಾಯ್ದೆ ಹೇಳುತ್ತೆ. ಎಷ್ಟೋ ಬಿಲ್ಡರ್‌ಗಳು ಕೊಡದೆ ಕೈಯೆತ್ತಿದ್ದಾರೆ. ಅದಕ್ಕೇ ಡೀಮ್ಡ್ ಕನ್ವೇಯನ್ಸ್ ಬಂದದ್ದು: ಬಿಲ್ಡರ್ ಬಾರದಿದ್ದರೂ ಸಹಕಾರ ಸಂಘಗಳ ಜಿಲ್ಲಾ ಡೆಪ್ಯುಟಿ ರಿಜಿಸ್ಟ್ರಾರ್ ಹತ್ತಿರ ಅರ್ಜಿ ಹಾಕಿ ಪಡೆಯಬಹುದು. ಪ್ರಾಪರ್ಟಿ ಕಾರ್ಡ್ (ಜಾಗ ಯಾರದ್ದು ಅಂತ ತೋರಿಸುವ ಸರ್ಕಾರಿ ದಾಖಲೆ) ತರಿಸಿ ನೋಡಿ. ಅದರಲ್ಲಿ ಇನ್ನೂ ಬಿಲ್ಡರ್ ಹೆಸರೋ ಹಳೇ ಜಮೀನುದಾರನ ಹೆಸರೋ ಇದ್ದರೆ ರೀಡೆವಲಪ್‌ಮೆಂಟ್ ಸದ್ಯಕ್ಕೆ ಬರೀ ಬಾಯಿಮಾತು. ಕಲೆಕ್ಟರ್ ಲೀಸ್ ಜಾಗ, ಅಂದರೆ ಸರ್ಕಾರ ಗುತ್ತಿಗೆಗೆ ಕೊಟ್ಟ ಜಾಗವಾದರೆ ಅದರ ರಗಳೆಯೇ ಬೇರೆ, ವಕೀಲರಿಲ್ಲದೆ ಮುಂದುವರಿಯಬೇಡಿ.

‘ಬಿಲ್ಡರ್ ಜೊತೆ ಮಾತುಕತೆ ನಡೀತಿದೆ’ ಅನ್ನೋದಕ್ಕೂ ಬೆಲೆಯಿಲ್ಲ. ರಿಜಿಸ್ಟ್ರಾರ್ ಪ್ರತಿನಿಧಿಯ ಎದುರು ವಿಶೇಷ ಸಭೆ ಸೇರಿ ಡೆವಲಪರ್‌ನನ್ನು ಆರಿಸಿದ ಮಿನಿಟ್ಸ್ (ಸಭೆಯ ನಡಾವಳಿ) ಇದೆಯಾ? ಅಗ್ರಿಮೆಂಟ್ ರಿಜಿಸ್ಟರ್ ಆಗಿದೆಯಾ? ಎರಡೂ ಇಲ್ಲ ಅಂದ್ರೆ ಇವತ್ತಿನ ಮನೆಗೆ ಇವತ್ತಿನ ರೇಟು ಮಾತ್ರ ಕೊಡಿ.

ಇನ್ನು ಆ ‘ಕಡಿಮೆ ಮೆಂಟೆನೆನ್ಸ್’. ನೀವು ಖುಷಿಪಟ್ಟಿದ್ದೀರಿ, ನನಗೆ ಅಲ್ಲೇ ಅನುಮಾನ. ಸೊಸೈಟಿಗಳ ಮಾದರಿ ಬೈಲಾ (ನಿಯಮಾವಳಿ) ಪ್ರಕಾರ ಫ್ಲ್ಯಾಟ್ ಕಟ್ಟಿದ ಖರ್ಚಿನ ಮೇಲೆ ವರ್ಷಕ್ಕೆ ಕನಿಷ್ಠ ಶೇ. 0.25 ಸಿಂಕಿಂಗ್ ಫಂಡ್‌ಗೆ (ಮುಂದಿನ ದೊಡ್ಡ ಕೆಲಸಕ್ಕಿಡುವ ಹಣ), ಶೇ. 0.75 ರಿಪೇರಿ ಫಂಡ್‌ಗೆ ಮೆಂಟೆನೆನ್ಸ್ ಜೊತೆಗೇ ವಸೂಲಿ ಮಾಡಿ ತೆಗೆದಿಡಬೇಕು. ಆಡಿಟ್ ಆದ ಬ್ಯಾಲೆನ್ಸ್ ಶೀಟ್ ಕೇಳಿ. ಒಂದು ಬದಿಯಲ್ಲಿ ಸಿಂಕಿಂಗ್ ಫಂಡ್ 18 ಲಕ್ಷ ಅಂತ ಇರುತ್ತೆ ಅಂದುಕೊಳ್ಳಿ. ಇನ್ನೊಂದು ಬದಿಯಲ್ಲಿ ಅಷ್ಟೇ ಎಫ್‌ಡಿ ಇದೆಯಾ ನೋಡಿ. ಇರೋದು 3 ಲಕ್ಷ, ಕೆಳಗೆ ‘ಸದಸ್ಯರಿಂದ ಬರಬೇಕಾದ ಬಾಕಿ’ ಉದ್ದಕ್ಕಿದ್ದರೆ, ಫಂಡ್ ದಿನದ ಖರ್ಚಿಗೆ ಕರಗಿದೆ. ನಾಳೆ ಲಿಫ್ಟ್ ಕೆಟ್ಟರೆ ನಿಮ್ಮ ಜೇಬಿಗೇ ಕೈ.

30 ವರ್ಷ ದಾಟಿದ ಬಿಲ್ಡಿಂಗ್‌ಗೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡ ಎಷ್ಟು ಗಟ್ಟಿ ಅಂತ ಇಂಜಿನಿಯರ್ ತಪಾಸಣೆ) ಆಗಬೇಕು. ರಿಪೋರ್ಟ್‌ನಲ್ಲಿ ಸಿ1 ಅಂತಿದ್ದರೆ ಖಾಲಿ ಮಾಡಿಸಿ ಕೆಡವುವ ದರ್ಜೆ, ವಾಪಸ್ ಬನ್ನಿ. ಕೆಳಗೆ ಪಾರ್ಕಿಂಗ್ ಕಂಬಗಳನ್ನೂ ನಾಣ್ಯದಿಂದ ತಟ್ಟಿ. ಪೇಂಟ್ ಹೊಸದು, ಸದ್ದು ಪೊಳ್ಳು ಅಂದ್ರೆ ಪ್ಲಾಸ್ಟರ್ ಬಿಟ್ಟಿದೆ. ಒಳಗೆ ಸರಳು ತುಕ್ಕು ಹಿಡಿದಿರಬಹುದು.

ಕಮಿಟಿಯವರು ಕಾಗದ ತೋರಿಸಲ್ಲ ಅನ್ನಬಹುದು. ಲೆಕ್ಕ, ಮಿನಿಟ್ಸ್ ನೋಡುವ ಹಕ್ಕು ಸದಸ್ಯರಾದ ಮಾರುವವರಿಗಿದೆ, ಅವರಿಂದಲೇ ತರಿಸಿ. ಅವರೂ ಸಬೂಬು ಹೇಳಿದರೆ ನಾನಾದರೆ ಟೋಕನ್ ಕೊಡಲ್ಲ.

ಪ್ರಶ್ನೆ: ಬ್ಯಾಂಕ್ ಲೋನ್ ಪಾಸ್ ಆಗಿದೆ. ಅಂದ್ರೆ ಬಿಲ್ಡಿಂಗ್ ಸರಿ ಇದೆ ಅಂತ ಅಲ್ವಾ?

ಉತ್ತರ: ಅಲ್ಲ. ಬ್ಯಾಂಕಿನ ವಕೀಲರು ನೋಡೋದು ಬ್ಯಾಂಕಿನ ಸಾಲ ವಾಪಸ್ ಬರುತ್ತಾ ಅಂತ.

ಪ್ರಶ್ನೆ: ಬಾಗಿಲು ದಕ್ಷಿಣಕ್ಕಿದೆ. ವಾಸ್ತು ಪಂಡಿತರು ಪಿರಮಿಡ್ ಇಟ್ಟರೆ ದೋಷ ಹೋಗುತ್ತೆ ಅಂತಾರೆ.

ಉತ್ತರ: ಓಸಿ (ವಾಸಕ್ಕೆ ಪಾಲಿಕೆ ಕೊಡುವ ಅನುಮತಿ ಪತ್ರ) ಇದೆಯಾ ಅಂತ ಆ ಪಂಡಿತರು ಕೇಳಿದ್ರಾ?

ಪ್ರಶ್ನೆ: ಟ್ರಾನ್ಸ್‌ಫರ್‌ಗೆ ಸೊಸೈಟಿಯವರು 2 ಲಕ್ಷ ‘ಡೊನೇಷನ್’ ಕೇಳುತ್ತಿದ್ದಾರೆ.

ಉತ್ತರ: ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ ಟ್ರಾನ್ಸ್‌ಫರ್‌ಗೆ ಸೊಸೈಟಿ ತಗೊಳ್ಳಬಹುದಾದ ಪ್ರೀಮಿಯಂ ಹೆಚ್ಚೆಂದರೆ 25,000 ರೂಪಾಯಿ. ಡೊನೇಷನ್ ಅಂತ ಹೆಸರು ಬದಲಿಸಿದರೂ ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಲಿಖಿತವಾಗಿ ಕೇಳಿ ಅನ್ನಿ.