ವೆಂಟಿಲೇಟರ್ ಬೇಡ ಎನ್ನುವ ಅಪ್ಪ, ಒಪ್ಪದ ಅಣ್ಣ

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಅಪ್ಪನಿಗೆ 79 ವರ್ಷ, ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ಕಳೆದ ಮಳೆಗಾಲದಲ್ಲಿ ಐಸಿಯುನಿಂದ ಬಂದಾಗಿನಿಂದ "ಇನ್ನೊಂದು ಸಲ ಗಂಟಲಿಗೆ ಪೈಪು ಹಾಕಿಸಬೇಡಿ" ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಅಣ್ಣ "ಹಾಗೆ ಬಿಟ್ಟುಬಿಡೋಕಾಗುತ್ತಾ? ಜನ ಏನಂತಾರೆ?" ಎಂದು ಸಿಟ್ಟಾಗುತ್ತಾನೆ. ಅಪ್ಪನ ಮಾತನ್ನು ಬರೆದಿಟ್ಟರೆ ಆಸ್ಪತ್ರೆಯವರು ಒಪ್ಪುತ್ತಾರಾ? ಇದು ದಯಾಮರಣವೇ?

ಉತ್ತರ: ಅಲ್ಲ. ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದು ನಮ್ಮಲ್ಲಿ ಇಂದಿಗೂ ಅಪರಾಧ. ನಿಮ್ಮ ಅಪ್ಪ ಕೇಳುತ್ತಿರುವುದು ಅದನ್ನಲ್ಲ. ಬೇಡದ ಚಿಕಿತ್ಸೆಯನ್ನು ಬೇಡ ಎನ್ನುತ್ತಿದ್ದಾರೆ, ಅಷ್ಟೆ. ಎಚ್ಚರವಿದ್ದು, ವಿಷಯ ಅರ್ಥವಾಗುವವರೆಗೆ ಹಾಗೆ ಹೇಳುವ ಹಕ್ಕು ಅವರದೇ. ಮಾತಾಡಲಾಗದ ಸ್ಥಿತಿ ಬಂದರೆ ಏನು ಮಾಡಬೇಕು ಎಂದು ಬರೆದಿಡುವುದೇ ಲಿವಿಂಗ್ ವಿಲ್.

ಈ ಕಾನೂನಿನ ದಾರಿ ತೆರೆದದ್ದು ಮುಂಬೈನಲ್ಲೇ. ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನ್‌ಭಾಗ್ ಉತ್ತರ ಕನ್ನಡದ ಹಳದೀಪುರದವರು. 1973ರಲ್ಲಿ ಆಸ್ಪತ್ರೆಯೊಳಗೇ ಅವರ ಮೇಲೆ ದಾಳಿಯಾಯಿತು. 2015ರಲ್ಲಿ ತೀರಿಕೊಳ್ಳುವವರೆಗೆ ಮತ್ತೆ ಸಹಜ ಸ್ಥಿತಿಗೆ ಬರಲಿಲ್ಲ. ಆಹಾರ ನಿಲ್ಲಿಸಿ ಅವರನ್ನು ಸಾಯಲು ಬಿಡಬೇಕು ಎಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ, ಅವರನ್ನು ನೋಡಿಕೊಳ್ಳುತ್ತಿದ್ದ ಕೆಇಎಂ ಸಿಬ್ಬಂದಿ ಒಪ್ಪಲಿಲ್ಲ. 2011ರಲ್ಲಿ ಕೋರ್ಟ್ ಕೂಡ ಅವರ ವಿಷಯದಲ್ಲಿ ಅನುಮತಿ ಕೊಡಲಿಲ್ಲ. ಆದರೆ ಬೇರೆಯವರಿಗೆ, ಹೈಕೋರ್ಟ್ ಒಪ್ಪಿದರೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಎಂದಿತು. 2018ರಲ್ಲಿ ಲಿವಿಂಗ್ ವಿಲ್‌ಗೆ ಮಾನ್ಯತೆ ಸಿಕ್ಕಿತು. 2023ರಲ್ಲಿ ವಿಧಾನ ಇನ್ನಷ್ಟು ಸುಲಭವಾಯಿತು.

ಈಗ ಬೇಕಾದದ್ದು ಇಷ್ಟು: ಅಪ್ಪನ ಸಹಿ, ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಒಂದು ಪ್ರತಿ ಫ್ಯಾಮಿಲಿ ಡಾಕ್ಟರಿಗೆ, ಒಂದು ಮಹಾನಗರಪಾಲಿಕೆಯ ನಿಯೋಜಿತ ಅಧಿಕಾರಿಗೆ. ಕನ್ನಡದಲ್ಲಿ ಬರೆದರೆ ಜೊತೆಗೆ ಇಂಗ್ಲಿಷ್ ಪ್ರತಿಯೂ ಇರಲಿ. ರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರಿಗೆ ಓದಲು ಬರಬೇಕಲ್ವಾ?

ಆದರೆ "ವೆಂಟಿಲೇಟರ್ ಬೇಡ" ಎಂದು ಒಂದೇ ಸಾಲು ಬರೆದು ಬಿಡಬೇಡಿ. ಸಿಒಪಿಡಿಯಲ್ಲಿ ಇದು ಬಹಳ ಮುಖ್ಯ. ಸೋಂಕು ತಗುಲಿ ಉಸಿರು ಕಟ್ಟಿದಾಗ ಮುಖಕ್ಕೆ ಮಾಸ್ಕ್ ಕಟ್ಟಿ ಕೊಡುವ ಬೈಪ್ಯಾಪ್‌ನಿಂದ ಎಷ್ಟೋ ಜನ ಚೇತರಿಸಿಕೊಂಡು ಮನೆಗೆ ಬರುತ್ತಾರೆ. ಅಪ್ಪ ಬೇಡ ಎನ್ನುತ್ತಿರುವುದು ಅದನ್ನೂ ಸೇರಿಸಿಯೋ? ಅಥವಾ ಗಂಟಲಿನ ಪೈಪು ಮಾತ್ರವೋ? ಮೂರು ನಾಲ್ಕು ದಿನ ಪ್ರಯತ್ನಿಸಿ, ಸುಧಾರಿಸದಿದ್ದರೆ ನಿಲ್ಲಿಸುವುದಕ್ಕೆ ಒಪ್ಪಿಗೆಯೋ? ಕತ್ತಿನಲ್ಲಿ ರಂಧ್ರ ಮಾಡಿ ತಿಂಗಳುಗಟ್ಟಲೆ ಯಂತ್ರಕ್ಕೆ ಜೋಡಿಸುವುದು? ಶ್ವಾಸಕೋಶದ ಡಾಕ್ಟರನ್ನು ಕೂರಿಸಿಕೊಂಡು ಒಂದೊಂದೇ ಕೇಳಿ. ಅಪ್ಪ ಹೇಳಿದ್ದನ್ನು ಹಾಗೆಯೇ ಬರೆಯಿರಿ. ಐಸಿಯುನಲ್ಲಿ ಅವರಿಗೆ ಅತಿಯಾಗಿ ಕಾಡಿದ್ದು ಕೈಗಳನ್ನು ಕಟ್ಟಿಹಾಕಿದ್ದೋ, ಒಂಟಿತನವೋ, ಮಾತು ಬಾರದಿದ್ದುದೋ ಅನ್ನುವುದೂ ಗೊತ್ತಾಗಲಿ.

ಇನ್ನು ಅಣ್ಣನ ಮಾತು. ಅವರನ್ನು ಬಿಟ್ಟು ಮಾಡಬೇಡಿ. ನಿರ್ಧಾರ ಹೇಳಬೇಕಾದವರ ಹೆಸರಿನಲ್ಲಿ ನಿಮ್ಮಿಬ್ಬರನ್ನೂ ಹಾಕಿ, ಒಬ್ಬರಿಗಿಂತ ಹೆಚ್ಚು ಹೆಸರು ಹಾಕಲು ಅವಕಾಶವಿದೆ. ದೂರದಲ್ಲಿರುವ ಮಕ್ಕಳು ಕೊನೆಯ ದಿನ ಬಂದು "ಎಲ್ಲವನ್ನೂ ಮಾಡಿ" ಎಂದು ಕೂಗಿದರೆ ಡಾಕ್ಟರುಗಳು ಹೆದರುತ್ತಾರೆ. ಅಣ್ಣನ ಅಂಜಿಕೆ ಪ್ರೀತಿಯಿಂದಲೇ ಬಂದದ್ದು. ಅಪ್ಪನೇ ಅವರಿಗೆ ನೇರವಾಗಿ ಹೇಳಲಿ. ನೀವು ಹೇಳಿದರೆ ತಂಗಿಯ ಹಟ ಅನ್ನಿಸೀತು. ಜೊತೆಗೆ ಇದನ್ನೂ ತಿಳಿಸಿ: ಯಂತ್ರ ಬೇಡ ಎಂದರೆ ಆರೈಕೆಯೇ ಬೇಡ ಎಂದಲ್ಲ. ಕಡಿಮೆ ಪ್ರಮಾಣದ ಮಾರ್ಫಿನ್ ಕೆಲವರಲ್ಲಿ ಉಸಿರಾಟದ ಸಂಕಟವನ್ನು ತಗ್ಗಿಸಬಹುದು. ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ತಗ್ಗಿಸುವ ಆರೈಕೆ) ಕ್ಯಾನ್ಸರಿಗೆ ಮಾತ್ರ ಅನ್ನುವುದು ತಪ್ಪು. ಈಗಲೇ ಆ ಡಾಕ್ಟರನ್ನು ಕಾಣಿ.

ಆಸ್ಪತ್ರೆಯಲ್ಲಿ ಪತ್ರ ತೋರಿಸಿದ ಕೂಡಲೇ ಯಂತ್ರ ನಿಲ್ಲಿಸುವುದಿಲ್ಲ. ಮೊದಲು ಮೂವರು ಡಾಕ್ಟರುಗಳ ಮಂಡಳಿ, ನಂತರ ಇನ್ನೊಂದು ಮಂಡಳಿ ನೋಡಿ, ಗುಣವಾಗುವ ಆಸೆ ಇಲ್ಲ ಎಂದು ಒಪ್ಪಬೇಕು. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಯೊಳಗೆ ಹೇಳಬೇಕು. ನಂತರ ಮ್ಯಾಜಿಸ್ಟ್ರೇಟರಿಗೆ ತಿಳಿಸಿದರೆ ಸಾಕು. ನೀವು ಹೋಗುವ ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಇದೆಯೇ ಎಂದು ಈಗಲೇ ಕೇಳಿ. ತುರ್ತಿನಲ್ಲಿ ವಿಚಾರಿಸಲು ಪುರುಸೊತ್ತು ಇರುವುದಿಲ್ಲ. ಪತ್ರದ ಫೋಟೋ ಇಬ್ಬರ ಮೊಬೈಲಿನಲ್ಲೂ ಇರಲಿ. ಅಪ್ಪ ಮನಸ್ಸು ಬದಲಾಯಿಸಿದರೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಿ, ಬೇರೆ ಬರೆಯಬಹುದು.